ಹುಳಿ ಬಿಯರಿನ ಪಟ್ಟು

ಬೆಳಗಿನ ಪಾಳಿಯ ಬಸ್ಸನ್ನು ಡಿಪೋದಲ್ಲಿ ಬಿಟ್ಟು ಅವಳು ಅಣ್ಣನ ಮನೆಗೆ ಬಂದಾಗ, ಹಿಂದಿನ ಕೋಣೆಯಲ್ಲಿದ್ದ ಅವಳ ದೊಡ್ಡ ಪಾತ್ರೆಯನ್ನು ತೊಳೆದು ಬೋರಲು ಹಾಕಲಾಗಿತ್ತು. ಒಳಗಿದ್ದ ಬಿಯರೆಲ್ಲ ಮೋರಿ ಸೇರಿತ್ತು.

“ಕೆಟ್ಟುಹೋಗಿತ್ತು ಕಣೇ. ಮುಚ್ಚಳ ತೆಗೆದ್ರೆ ಹುಳಿ ವಾಸನೆ. ಸುರಿದುಬಿಟ್ಟೆ,” ಅಂದ ಅಣ್ಣ, ದೊಡ್ಡ ಉಪಕಾರ ಮಾಡಿದವನ ಹಾಗೆ.

“ಹುಳಿ ಬರಲಿ ಅಂತಾನೇ ಮೊಸರಿನ ತಿಳಿ ಹಾಕಿದ್ದು! ಹುಳಿ ಬಿಯರ್ ಅಂತಾನೇ ಒಂದು ಬಗೆ ಇದೆ ಅಂತ ನಿಂಗೆ ಹೇಳಿದ್ನೋ ಇಲ್ವೋ?”

“ಇರಬಹುದು. ನಮ್ಮನೇಲಿ ಮಾತ್ರ ಬೇಡ.”

ಅವಳಿಗೆ ಬಿಯರ್ ಕಾಯಿಸುವ ಹುಚ್ಚು ಹತ್ತಿಸಿದವನೂ ಅವನೇ. ಮೊಳಕೆ ಕಟ್ಟಿ ಒಣಗಿಸಿದ ಬಾರ್ಲಿಯನ್ನು ಬಿಸಿನೀರಲ್ಲಿ ನೆನೆಸುವುದು, ಬಸಿದ ಸಿಹಿನೀರಿಗೆ ಕಹಿಯಾದ ಹಾಪ್ಸ್ ಹೂ ಹಾಕಿ ಕುದಿಸುವುದು, ಆರಿಸಿ ಯೀಸ್ಟ್ ಬೆರೆಸಿ ಕಾಯುವುದು, ಎಲ್ಲವನ್ನೂ ಕೈಹಿಡಿದು ಕಲಿಸಿದ್ದ. ಔಷಧಿ ಅಂಗಡಿ ನಡೆಸುವವನಾದ್ದರಿಂದ ಶುಚಿ ಅಂದರೆ ಪ್ರಾಣ. ಭಾನುವಾರ ಸಂಜೆ ಬೀಗ ರಿಪೇರಿ ಮಾಡುವವರೊಬ್ಬರು, ಶಾಲೆಯ ಮೇಷ್ಟ್ರೊಬ್ಬರು, ತಂಗಿ, ಎಲ್ಲರೂ ತಂತಮ್ಮ ಬಾಟಲಿ ಹಿಡಿದು ಅವನ ಊಟದ ಟೇಬಲ್ ಸುತ್ತ ಸೇರುತ್ತಿದ್ದರು. ಗೋಧಿಯ ಮಬ್ಬು ಬಿಯರ್, ಹೊಂಬಣ್ಣದ್ದು, ಹುರಿದ ಕಾಳಿನ ಕಪ್ಪು ಬಿಯರ್, ಒಂದೊಂದನ್ನೂ ಮೂಸಿ, ಗುಟುಕರಿಸಿ ನೋಡುವುದು. ಕೊನೆಯ ಮಾತು ಅಣ್ಣನದೇ. ಅತ್ತಿಗೆ ಅಡುಗೆಮನೆಯಲ್ಲಿ ಬಾಟಲಿ ತೊಳೆಯುತ್ತಿದ್ದಳು. ಕೂತ್ಕೋ ಬಾ ಅಂತ ಅವಳನ್ನು ಯಾರೂ ಕರೆದಿರಲಿಲ್ಲ. ತಂಗಿಯೂ ಕರೆದಿರಲಿಲ್ಲ.

ಅವತ್ತು ಜಗಳ ಬೆಳೆಸದೆ ತಂಗಿ ಪಾತ್ರೆ ಹೊತ್ತುಕೊಂಡು ತನ್ನ ಒಂಟಿ ಕೋಣೆಗೆ ಹೋದಳು. ಮತ್ತೆ ಬಾರ್ಲಿ ತಂದಳು. ಉಗುರುಬೆಚ್ಚಗಿನ ಸಿಹಿನೀರಿಗೆ ಮೊಸರಿನ ತಿಳಿ ಬಿಟ್ಟು, ಪಾತ್ರೆಗೆ ಕಂಬಳಿ ಸುತ್ತಿ, ಬಚ್ಚಲಲ್ಲಿಟ್ಟಳು. ಹುಳಿ ಏರಿದ ಮೇಲೆ ಕುದಿಸಿ, ಆರಿಸಿ, ಯೀಸ್ಟ್ ಹಾಕಿ ಮತ್ತೆ ಅಲ್ಲೇ ಇಟ್ಟಳು. ಬಾಟಲಿಗೆ ತುಂಬುವವರೆಗೂ ಸ್ನಾನವೆಲ್ಲ ಡಿಪೋದಲ್ಲೇ. “ಮನೇಲಿ ನೀರಿಲ್ವಾ?” ಅಂತ ಕಂಡಕ್ಟರ್ ಕೇಳಿದರೆ, “ಬಚ್ಚಲಲ್ಲಿ ಬಾಣಂತಿ ಇದಾಳೆ” ಅಂದಳು.

ಬಿಯರ್ ಮಾಗಿದ ಮೇಲೆ ಒಂದು ಭಾನುವಾರ ಬಾಟಲಿಗಳನ್ನು ಅಣ್ಣನ ಟೇಬಲ್ ಮೇಲೆ ಸಾಲಾಗಿ ಇಟ್ಟಳು. ಅಣ್ಣ ಅವನ್ನು ತೆಗೆದು ನೆಲದ ಮೇಲಿಟ್ಟ. ಅವಳು ಎತ್ತಿ ಮತ್ತೆ ಟೇಬಲ್ ಮೇಲಿಟ್ಟಳು. ಮೇಷ್ಟ್ರು ಕನ್ನಡಕ ಒರೆಸತೊಡಗಿದರು.

“ರುಚಿ ನೋಡಿ ಬೈಯಿ. ನೋಡದೆ ಬೈಯಬೇಡ,” ಅಂದು ಅವಳು ಗ್ಲಾಸುಗಳಿಗೆ ಬಗ್ಗಿಸಿದಳು.

ಬೀಗದವರು ಒಂದು ಗುಟುಕು ಕುಡಿದು ಒಂದು ಕಣ್ಣು ಮುಚ್ಚಿದರು. ಮೇಷ್ಟ್ರು ಅಣ್ಣನ ಮುಖ ನೋಡಿ ಗ್ಲಾಸು ಮುಟ್ಟಲೇ ಇಲ್ಲ. ಅಷ್ಟರಲ್ಲಿ ಅತ್ತಿಗೆ ಒದ್ದೆ ಕೈ ಒರೆಸುತ್ತ ಬಂದು, ಮೇಷ್ಟ್ರ ಗ್ಲಾಸನ್ನೇ ಎತ್ತಿ ಅರ್ಧ ಖಾಲಿ ಮಾಡಿದಳು.

“ನಂಗೆ ಹಿಡಿಸ್ಲಿಲ್ಲಮ್ಮ. ಹಲ್ಲೆಲ್ಲ ಜುಮ್ ಅಂತು,” ಅಂದಳು ನಾದಿನಿಗೆ. ಆಮೇಲೆ ಗಂಡನ ಕಡೆ ತಿರುಗಿ, “ಆದ್ರೆ ಕೆಟ್ಟಿಲ್ಲ ಕಣ್ರೀ. ಕೆಟ್ಟಿದ್ದು ಹೇಗಿರುತ್ತೆ ಅಂತ ಕೇಳಿ, ನಾನು ಹೇಳ್ತೀನಿ. ನಿಮ್ಮ ಗೋಧಿ ಬಿಯರು ಕೆಟ್ಟು ಬಾಟಲಿ ಸಿಡಿದಾಗ ಗೋಡೆ ತೊಳೆದೋಳು ನಾನೇ ಅಲ್ವಾ.”

ಬೀಗದವರಿಗೆ ನಗು ತಡೆಯಲಾಗದೆ ಕೆಮ್ಮು ಬಂತು. ಅಣ್ಣನ ಕಿವಿ ಕೆಂಪಾಯಿತು.

“ಈ ಟೇಬಲ್ ಮೇಲೆ ಏನಿರಬೇಕು ಅಂತ ಹೇಳೋನು ನಾನು,” ಅಂದ.

“ಸರಿ ಅಣ್ಣ, ಟೇಬಲ್ ನಿಂದೇ,” ಅಂದಳು ತಂಗಿ. “ಮುಂದಿನ ಭಾನುವಾರದಿಂದ ನನ್ನ ರೂಮಲ್ಲಿ. ಯಾರಿಗೆ ಏನು ಕಾಯಿಸ್ಬೇಕು ಅನ್ಸುತ್ತೋ ಅದನ್ನ ಕಾಯಿಸಿ ತನ್ನಿ. ಚೆನ್ನಾಗಿಲ್ಲ ಅಂದ್ರೆ ಮುಖಕ್ಕೇ ಹೇಳೋಣ. ಆದ್ರೆ ತರಬೇಡ ಅಂತ ಯಾರಿಗೂ ಹೇಳಲ್ಲ.”

ಬಾಟಲಿಗಳನ್ನು ಚೀಲಕ್ಕೆ ತುಂಬಿಕೊಂಡು ಹೊರಟಳು. ದಾರಿಯುದ್ದಕ್ಕೂ ಅಳು ಬಂತು. ಅಪ್ಪ ಹೋದ ಮೇಲೆ ತನ್ನನ್ನು ಸಾಕಿದವನು ಅವನು. ಹಾಗಂತ ಹಿಂದಿರುಗಿ ನೋಡಲಿಲ್ಲ.

ಮುಂದಿನ ಭಾನುವಾರ ಮೇಷ್ಟ್ರು ಬರಲಿಲ್ಲ. ಬೀಗದವರು ಬಂದು ಮಂಚದ ತುದಿಯಲ್ಲಿ ಕೂತು, ಹುಳಿ ಬಿಯರನ್ನು ಒಂದು ಗುಟುಕು ಕುಡಿದು, “ಹೋದ ಸಲಕ್ಕಿಂತ ಪರವಾಗಿಲ್ಲ, ಈಗ ಎರಡೂ ಕಣ್ಣು ತೆರೆದೇ ಇವೆ,” ಅಂದರು. ಅವರ ಹಿಂದೆಯೇ ಅತ್ತಿಗೆ, ಬಗಲಲ್ಲಿ ಹುರಿದ ಬಾರ್ಲಿಯ ಚೀಲ.

“ನಂಗೆ ಕಪ್ಪು ಬಿಯರು ಬೇಕು. ಕಷಾಯಕ್ಕಿಂತ ಕಹಿ ಇರಬೇಕು. ಒಲೆ ಹಚ್ಚು.”

“ಇಷ್ಟು ದಿನ ನಾನೂ ನಿಮ್ಮನ್ನ ಕರೀಲಿಲ್ಲ ಅತ್ತಿಗೆ,” ಅಂದಳು ತಂಗಿ.

“ಕರೀಲಿಲ್ಲ. ಈಗ ನಾನಾಗೇ ಬಂದಿದೀನಿ. ಬೆಂಕಿಪೊಟ್ಟಣ ಎಲ್ಲಿ?”

ಕಪ್ಪು ನೀರು ಕುದಿಯುವ ಹೊತ್ತಿಗೆ ಬಾಗಿಲಲ್ಲಿ ಅಣ್ಣ ನಿಂತಿದ್ದ. ಹೆಂಡತಿಯನ್ನು ಕರೆದುಕೊಂಡು ಹೋಗಲು ಬಂದೆ ಅಂದ. ಅತ್ತಿಗೆ ತಿರುಗಿಯೂ ನೋಡಲಿಲ್ಲ. ಕರೆಯಲು ಬಂದವನ ಕಣ್ಣು ಒಲೆಯ ಮೇಲೆ ಹೋಯಿತು.

“ಉರಿ ಸಣ್ಣ ಮಾಡೇ, ಉಕ್ಕುತ್ತೆ!”

“ಉಕ್ಕಲಿ,” ಅಂದಳು ಅತ್ತಿಗೆ, ಹಾಪ್ಸ್ ಹೂವನ್ನು ಹಿಡಿ ತುಂಬ ಎತ್ತಿ ಪಾತ್ರೆಗೆ ಹಾಕುತ್ತ. “ಒರೆಸೋಳು ನಾನು ತಾನೆ.”

ನೊರೆ ಅಂಚಿನವರೆಗೂ ಎದ್ದು ಬಂತು. ತಂಗಿ ಬಾಗಿಲಿನ ಕಡೆಯ ಸ್ಟೂಲಿನ ಮೇಲಿದ್ದ ಚೀಲ ತೆಗೆದು ಅಣ್ಣನಿಗೆ ಜಾಗ ಮಾಡಿದಳು. ಕೂತ್ಕೋ ಅಂತ ಮಾತ್ರ ಹೇಳಲಿಲ್ಲ.