ಮೊಳೆಯದ ಸಾಲು

"ಬೀಜ ಬಿಡೂ ಕೈಯಾಗ ಗುಣ ಇರಬೇಕ ನೋಡೋ. ಆ ಶಟ್ಟೆವ್ವನ ಕೈ ಹಿಂಗ," ಎಂದು ನಿಜಗುಣಪ್ಪ ಕಟ್ಟೆಯ ಮೇಲೆ ಕುಳಿತು, ಬಿಳಿ ಟೊಪ್ಪಿಗೆ ಸರಿಮಾಡಿಕೊಳ್ಳುತ್ತ, ಪಕ್ಕದ ಹೊಲದ ಜಟ್ಟೆಪ್ಪನಿಗೆ ಹೇಳುತ್ತಿದ್ದ. ಒಳಗೆ ಅವನ ಹೆಂಡತಿ ಚನ್ನವ್ವ ರೊಟ್ಟಿ ಬಡಿಯುತ್ತಿದ್ದಳು. ಆ ಮಾತು ಕಿವಿಗೆ ಬಿದ್ದದ್ದೇ ಬಡಿತ ಜೋರಾಯಿತು.

ಜೋಳ ಮೊಳೆತಿತ್ತು. ದೊಡವಾಡದಿಂದ ಧಾರವಾಡಕ್ಕೆ ಹೋಗುವ ಬಸ್ಸಿನವರಿಗೂ ಕಾಣುವಂತೆ ನಿಜಗುಣಪ್ಪನ ಹೊಲದ ನಡುವೆ ಉದ್ದಕ್ಕೂ ಒಂದು ಸಾಲು ಬೋಳಾಗಿತ್ತು, ಬೈತಲೆ ತೆಗೆದಂತೆ. ಅಂಥ ಸಾಲು ಕಂಡರೆ ಊರವರು ಕೇಳುವುದು ಎರಡೇ: ಬಿತ್ತುವ ಕೂರಿಗೆ ಹಿಡಿದವರು ಯಾರು, ಹಿಂದೆ ನಡೆದು ಅದರ ಕೊಳವೆಗಳಿಗೆ ಬೀಜ ಬಿಟ್ಟವರು ಯಾರು. ಕೂರಿಗೆ ಹಿಡಿದವನು ನಿಜಗುಣಪ್ಪ. ಅಂದ ಮೇಲೆ ತಪ್ಪು ಬೀಜ ಬಿಟ್ಟ ಕೂಲಿಯಾಳು ಶಟ್ಟೆವ್ವನದೇ ಆಗಬೇಕಿತ್ತು.

ಚನ್ನವ್ವನಿಗೆ ಇದು ಹೊಸದೇನಲ್ಲ. ಕೆರೆಯ ಮೆಟ್ಟಿಲಲ್ಲಿ ಜಾರಿದರೆ ಅವನು ಕಲ್ಲಿಗೆ ಬೈಯುವವನು. ಟಿವಿ ಆಂಟೆನಾ ತಾನೇ ತಿರುವಿ ಚಿತ್ರ ಕೆಡಿಸಿಕೊಂಡು ಗಾಳಿಗೆ ಬೈಯುವವನು. ಇಷ್ಟು ವರ್ಷದ ಸಂಸಾರದಲ್ಲಿ "ನಂದ ತಪ್ಪಾತು" ಎಂಬ ಮಾತು ಅವನ ಬಾಯಿಂದ ಬಂದದ್ದನ್ನು ಅವಳು ಕೇಳಿರಲಿಲ್ಲ. ಹಲ್ಲು ಬಿದ್ದ ಮೇಲಾದರೂ ಸಂದಿಯಿಂದ ಜಾರೀತೇನೋ ಎಂದು ಕಾದಿದ್ದಳು. ಹಲ್ಲೂ ಬಿದ್ದವು.

"ಹಂಗಾರ ನಾಳೆ ನಮ್ಮ ಹೊಲಕ್ಕ ಆಕಿನ್ನ ಕರಿಯೂದು ಬ್ಯಾಡ ಬಿಡು," ಎಂದು ಜಟ್ಟೆಪ್ಪ ಎದ್ದ. "ಉಳದವ್ರಿಗೂ ಹೇಳತೇನಿ."

ಒಳಗೆ ಬಡಿತ ನಿಂತಿತು. ಬಿತ್ತಿಗೆಯ ಈ ಕೆಲವು ವಾರಗಳ ಕೂಲಿಯೇ ಶಟ್ಟೆವ್ವನ ವರ್ಷದ ಗಂಜಿ. ಚನ್ನವ್ವ ಹಿಟ್ಟಿನ ಕೈಯಲ್ಲೇ ಹೊರಗೆ ಬಂದಳು.

"ಜಟ್ಟೆಪ್ಪಣ್ಣಾ, ಕುಂದರ್ರಿ. ಅವತ್ತ ನಾ ಬುತ್ತಿ ತಗೊಂಡು ಬದುವಿನ ಮ್ಯಾಲ ನಿಂತಿದ್ನಿ. 'ಕಾಕಾ, ಒಂದ ಕೊಳವಿಗೆ ಮಣ್ಣ ಕಟ್ಟೇತಿ, ಬೀಜ ಇಳೀವಲ್ದು, ನಿಲ್ಲಸ್ರಿ' ಅಂತ ಶಟ್ಟೆವ್ವ ಒದರಿದ್ಳು. ಇವರು ಏನಂದ್ರು ಗೊತ್ತೈತೇನು? 'ನನಗ ಕಲಸಾಕ ಬರಬ್ಯಾಡ, ನಡಿ' ಅಂದ್ರು."

"ಎತ್ತ ಜಗ್ಗಾಕ ಹತ್ತಿದ್ವು," ಎಂದ ನಿಜಗುಣಪ್ಪ.

"ಹೌದ ಬಿಡ್ರಿ, ಎತ್ತಿಂದಽ ತಪ್ಪು. ಬಿಚ್ಚಿಕೊಂಡ ಬರ್ಲೇನು? ಜಟ್ಟೆಪ್ಪಣ್ಣನ ಮುಂದ ಅವುನ್ನೂ ಒಂದ ಮಾತ ಕೇಳೂಣು."

ಜಟ್ಟೆಪ್ಪ ನಗು ನುಂಗಿಕೊಂಡ.

"ನಂದೂ ತಪ್ಪ ಐತಿ," ಚನ್ನವ್ವನ ದನಿ ಇಳಿಯಿತು. "ಅವತ್ತ ಕೇಳಿ ಸುಮ್ಮನ ನಿಂತ್ನಿ. ಇವರು ಊರ ತುಂಬ ಆಕಿ ಹೆಸರ ಕೆಡಸಾಕ ಹತ್ತಿದಾಗೂ ಸುಮ್ಮನ ರೊಟ್ಟಿ ಬಡದ್ನಿ. ನಾಳೆ ನೀವು ಶಟ್ಟೆವ್ವನ್ನ ಕರೀರಿ."

ಮರುದಿನ ಮುಂಜಾನೆ ಅವಳು ಉಡಿಯಲ್ಲಿ ಜೋಳ ಕಟ್ಟಿಕೊಂಡು ಖುರ್ಪಿ ಹಿಡಿದು ಹೊಲಕ್ಕೆ ಹೋದಳು. ಪಕ್ಕದ ಹೊಲದಲ್ಲಿ ಶಟ್ಟೆವ್ವ ಜಟ್ಟೆಪ್ಪನ ಕೂರಿಗೆಯ ಹಿಂದೆ ನಡೆಯುತ್ತಿದ್ದಳು. ಪ್ರತಿ ತಿರುವಿನಲ್ಲೂ ಜಟ್ಟೆಪ್ಪ ಎತ್ತು ನಿಲ್ಲಿಸಿ, ಕೊಳವೆಗಳಲ್ಲಿ ಕಡ್ಡಿ ಆಡಿಸುತ್ತಿದ್ದ. ಚನ್ನವ್ವ ಬೋಳು ಸಾಲಿನ ಅರ್ಧದವರೆಗೆ ನೆಲ ಕೆದಕಿ, ಕಾಳಿಟ್ಟು, ಮಣ್ಣು ಮುಚ್ಚಿದಳು. ಅಲ್ಲೊಂದು ಕೋಲು ನೆಟ್ಟು, ಉಳಿದ ಜೋಳವನ್ನೂ ಖುರ್ಪಿಯನ್ನೂ ಅದರ ಬುಡದಲ್ಲಿಟ್ಟು ಮನೆಗೆ ಬಂದಳು.

"ನನ್ನ ಅರ್ಧಾ ಮುಗೀತು," ಎಂದು ಒಲೆಗೆ ಕಟ್ಟಿಗೆ ನೂಕಿದಳು.

"ಆ ಖುರ್ಪಿ ಮೊಂಡ ಐತಿ," ಎಂದ ನಿಜಗುಣಪ್ಪ.

ಅವಳು ರೊಟ್ಟಿಯ ಹಂಚು ಒಲೆಗೇರಿಸಿದಳು.

ಇಳಿಹೊತ್ತಿಗೆ ಚನ್ನವ್ವ ಮೇವು ತರಲು ಹೋದಾಗ ಕೋಲಿನ ತುದಿಯಲ್ಲಿ ಬಿಳಿ ಟೊಪ್ಪಿಗೆಯೊಂದು ಕಂಡಿತು. ಅದರಾಚೆ, ಬಸ್ಸಿನ ರಸ್ತೆಗೆ ಬೆನ್ನು ಹಾಕಿ, ಒಂದು ಬೋಳು ತಲೆ ಬಗ್ಗುತ್ತ ಏಳುತ್ತ ಸಾಲಿನುದ್ದಕ್ಕೂ ಸಾಗಿತ್ತು.