ಐವತ್ತು ಕಿಲೋ ಸೌಟು

ಬಿಳಿ ಬಟ್ಟೆಯ ವಿಷಯದಲ್ಲಿ ನನಗೆ ಯಾರೂ ಪಾಠ ಹೇಳಬೇಕಾಗಿಲ್ಲ. ಇಪ್ಪತ್ತೆರಡು ವರ್ಷ ದೊಡ್ಡಾಸ್ಪತ್ರೆಯ ಲಾಂಡ್ರಿಯಲ್ಲಿ ದುಡಿದವಳು ನಾನು. ರಕ್ತ, ಅಯೋಡಿನ್, ಮುಲಾಮು, ಊಟದ ಹೊತ್ತಿನಲ್ಲಿ ಹೆಸರು ಹೇಳಬಾರದ ಇನ್ನೂ ಏನೇನೋ ಕಲೆಗಳು ನನ್ನ ಕೈಯಲ್ಲಿ ಹೋಗಿವೆ. ನಿವೃತ್ತಿಯ ದಿನ ಜೊತೆಯವರೆಲ್ಲ ಸೇರಿ, ನಾನು ದಿನವೂ ಪೌಡರ್ ಅಳೆಯುತ್ತಿದ್ದ ಸ್ಟೀಲ್ ಸೌಟನ್ನೇ ಉಜ್ಜಿ, ರಿಬ್ಬನ್ ಕಟ್ಟಿ ಕೊಟ್ಟರು. ಬೇರೆಯವರಿಗೆ ಗಡಿಯಾರ ಕೊಡುತ್ತಾರೆ, ನನಗೆ ಸೌಟು. ನನಗಂತೂ ಖುಷಿಯಾಯಿತು.

ಆಮೇಲೆ ತಮ್ಮನ ಮನೆಗೆ ಬಂದೆ. ಅವನು ಪ್ರೆಸ್ಸಿನಲ್ಲಿ ಪ್ರೂಫ್ ನೋಡುವವನು. ಅವನ ಹೆಂಡತಿಯನ್ನು ನಾನು ಸಣ್ಣವಳು ಎಂದೇ ಕರೆಯುವುದು. ಬಂದ ವಾರವೇ ಅವಳಿಗೆ ಹೇಳಿದೆ: "ನೋಡಮ್ಮ, ಅಡುಗೆ ನಿನ್ನದು, ಮನೆ ನಿನ್ನದು. ಬಟ್ಟೆ ಮಾತ್ರ ನನಗೆ ಬಿಡು. ಈ ಮನೇಲಿ ನನಗೂ ಅಂತ ಒಂದು ಕೆಲಸ ಇರ್ಲಿ." ಅವಳು ಹೂಂ ಅಂದಳು. ಅಂದಿನಿಂದ ವಾಷಿಂಗ್ ಮಷೀನಿನ ಹತ್ತಿರವೂ ಸುಳಿದವಳಲ್ಲ.

ಮೂರು ತಿಂಗಳ ಹಿಂದೆ ಸಣ್ಣವಳಿಗೆ ಹಲ್ಲಿನ ಡಾಕ್ಟರಮ್ಮನ ಕ್ಲಿನಿಕ್ಕಿನಲ್ಲಿ ಕೆಲಸ ಸಿಕ್ಕಿತು. ಉಪಕರಣಗಳನ್ನು ತೊಳೆದು, ಹಬೆಯಲ್ಲಿಟ್ಟು, ಒಣಗಿಸಿ, ಚೀಲದಲ್ಲಿ ಮುಚ್ಚಿಡುವ ಕೆಲಸ. ಒಂಬತ್ತು ವರ್ಷ ನಾಲ್ಕು ಗೋಡೆಯೊಳಗೆ ಕೂತವಳು, ಈಗ ಸಂಜೆಯೇ ಮರುದಿನದ ಚಪ್ಪಲಿಯನ್ನು ಬಾಗಿಲ ಕಡೆ ಮುಖ ಮಾಡಿ ಇಟ್ಟು ಮಲಗುತ್ತಿದ್ದಳು. ಆ ಕೆಲಸವೆಂದರೆ ಅವಳಿಗೆ ಜೀವ. ಎರಡು ಬಿಳಿ ಕೋಟು ಕೊಟ್ಟಿದ್ದರು. ಮೂರು ತಿಂಗಳು ಪರೀಕ್ಷೆ, ಕೆಲಸ ಹಿಡಿಸಿದರೆ ಖಾಯಂ. ಆ ಮೂರು ತಿಂಗಳು ಮುಗಿಯುವುದು ಶನಿವಾರಕ್ಕೆ.

ಆ ವಾರದ ಸೋಮವಾರ ಬಂದವಳು ಕೈಚೀಲವನ್ನು ಮೊಳೆಗೂ ಹಾಕದೆ ಕುರ್ಚಿಯಲ್ಲಿ ಕೂತಳು.

"ಏನಾಯ್ತೇ?" ಅಂದೆ.

"ಕೋಟು ಬೂದಿ ಬಣ್ಣ ಆಗ್ತಿದೆಯಂತೆ ಅಕ್ಕಾ. ಒಂದು ಕೋಟನ್ನೇ ಬೆಳ್ಳಗೆ ಇಟ್ಕೊಳ್ಳಕ್ಕೆ ಆಗದವರು ಉಪಕರಣ ಎಷ್ಟರಮಟ್ಟಿಗೆ ತೊಳೀತೀರಿ ಅಂತ ಕೇಳಿದ್ರು ಡಾಕ್ಟರಮ್ಮ. ಶನಿವಾರ ನೋಡ್ತೀನಿ ಅಂದ್ರು."

ನನ್ನ ಪಿತ್ತ ನೆತ್ತಿಗೇರಿತು. ಹಲ್ಲು ಕೀಳುವವಳಿಗೆ ಬಟ್ಟೆಯ ಸುದ್ದಿ ಯಾಕೆ? ಆದರೂ ಕೋಟನ್ನು ಕಿಟಕಿಯ ಬೆಳಕಿಗೆ ಹಿಡಿದೆ. ಬೂದಿ ಬಣ್ಣವೇ. ಕಾಲರಂತೂ ಹಪ್ಪಳದ ಹಾಗೆ ಗಡುಸಾಗಿತ್ತು. ನನ್ನ ಕೈಯಲ್ಲಿ ಒಗೆದ ಬಟ್ಟೆಗೆ ಈ ಗತಿಯೇ ಎಂದುಕೊಂಡೆ. ಬಾಯಲ್ಲಿ ಮಾತ್ರ, "ಕಳಪೆ ಬಟ್ಟೆ ಕೊಟ್ಟಿದ್ದಾರೆ ಬಿಡು, ಪೌಡರೂ ಸರಿಯಿಲ್ಲ" ಅಂದೆ. ಸಣ್ಣವಳು ಏನೋ ಹೇಳಲು ಬಾಯಿ ತೆರೆದು, ಮತ್ತೆ ಮುಚ್ಚಿದಳು.

ಮಂಗಳವಾರ ಮೂಲೆ ಅಂಗಡಿಗೆ ಹೋದೆ. ಅಂಗಡಿಯವನಿಗೆ ನನ್ನಂಥ ಗಿರಾಕಿ ಸಿಕ್ಕರೆ ಹಬ್ಬ. "ಅಮ್ಮಾ, ಈಗ ಬರೀ ಪೌಡರ್ ಯಾರು ಹಾಕ್ತಾರೆ? ಜೊತೆಗೆ ಬೂಸ್ಟರ್ ಬೇಕು" ಅಂದ. ಪೌಡರಿಗೆ ಬಲ ಕೊಡುವ ಪುಡಿಯಂತೆ. ಅದರ ಜೊತೆ ಒಂದು ಲಿಕ್ವಿಡ್, ಬಟ್ಟೆ ಮೆತ್ತಗಾಗಲು ಒಂದು ಪರಿಮಳದ ಬಾಟಲಿ, ಹೊಳಪಿಗೆ ನೀಲಿ.

"ಇಷ್ಟೂ ಹಾಕಿದ್ರೆ ಬೆಳ್ಳಗಾಗುತ್ತಾ?"

"ಕಣ್ಣು ಕುಕ್ಕುತ್ತೆ ಅಮ್ಮಾ."

ಕಿವಿಯ ಮೇಲೆ ಹೂ ಇಡುತ್ತಿದ್ದಾನೆ ಎಂದು ಗೊತ್ತಿದ್ದೂ ಎಲ್ಲವನ್ನೂ ಚೀಲಕ್ಕೆ ಹಾಕಿಸಿಕೊಂಡೆ. ಶನಿವಾರ ತಲೆಯ ಮೇಲಿತ್ತು.

ಸೌಟಿನ ತುಂಬ ಪೌಡರ್ ನಾನು ಯಾವತ್ತೂ ಹಾಕುತ್ತಿರಲಿಲ್ಲ. ಆಸ್ಪತ್ರೆಯಲ್ಲಿ ಅದು ಐವತ್ತು ಕಿಲೋ ಬಟ್ಟೆಯ ಮಷೀನಿಗೆ ಇದ್ದದ್ದು. ಇದು ಏಳು ಕಿಲೋದ್ದು ಎಂದು ಅರ್ಧ ಸೌಟಿಗೆ ಇಳಿಸಿದ್ದೆ. ಅದಕ್ಕಿಂತ ಕಡಿಮೆ ಹಾಕಲು ಕೈ ಬರುತ್ತಿರಲಿಲ್ಲ. ಬುಧವಾರ ಅದನ್ನೂ ಬಿಟ್ಟು ಮುಕ್ಕಾಲು ಹಾಕಿದೆ. ಮೇಲೆ ಬೂಸ್ಟರ್, ಲಿಕ್ವಿಡ್, ಬಾಟಲಿ, ನೀಲಿ. ಮಷೀನಿನ ಗಾಜಿನ ಹಿಂದೆ ಬರೀ ನೊರೆ. ಅಬ್ಬಾ, ಈಗ ಒಗೆತ ಅಂದರೆ ಒಗೆತ ಎಂದುಕೊಂಡೆ.

ಒಣಗಿದ ಮೇಲೆ ನೋಡಿದರೆ ಕೋಟು ಮೊದಲಿಗಿಂತ ಮಂಕಾಗಿತ್ತು. ಸಾಲದ್ದಕ್ಕೆ ಒಂದು ಜೇಬು ನೀಲಿ.

ಗುರುವಾರ ಸಂಜೆ ಮೂವರೂ ಅಡುಗೆಮನೆಯಲ್ಲಿದ್ದೆವು. ನಾನು ಪೌಡರಿನವನನ್ನು ಬೈದೆ, ಅಂಗಡಿಯವನನ್ನು ಬೈದೆ, ಕೋಟು ಹೊಲಿದವನನ್ನೂ ಬಿಡಲಿಲ್ಲ. ಕೊನೆಗೆ ಸಣ್ಣವಳ ಕಡೆ ತಿರುಗಿದೆ. "ನೀನು ಅಲ್ಲಿ ಇದನ್ನ ಹಾಕ್ಕೊಂಡು ನೆಲ ಒರೆಸ್ತೀಯೇನೇ?"

ಅವಳು ತಲೆ ತಗ್ಗಿಸಿದಳು. ತಮ್ಮ ಪೇಪರಿನಿಂದ ಕಣ್ಣು ತೆಗೆಯದೆ, "ಕುಣಿಯಲಾರದವಳು ನೆಲ ಡೊಂಕು ಅಂದಳಂತೆ" ಅಂದ.

"ಯಾರಿಗೋ ಅದು? ನನಗಾ?" ನಾನು ಬಕೆಟ್ ಎಳೆದೆ. "ನಿನ್ನೆ ತಾನೇ ಒಗೆದು ಒಣಗಿಸಿದ ಕೋಟು ಇದು. ಬರೀ ಬಿಸಿನೀರಲ್ಲಿ ಹಾಕ್ತೀನಿ, ಒಂದು ಚಿಟಿಕೆ ಪೌಡರ್ ಇಲ್ಲ. ಇದರಿಂದ ಒಂದು ಹನಿ ಕೊಳೆ ಬಿಟ್ಟರೆ ನನ್ನ ಹೆಸರು ಬದಲಾಯಿಸು!"

ಬಿಸಿನೀರು ಹುಯ್ದು ಕೋಟನ್ನು ಎರಡು ಸಲ ಹಿಂಡಿದೆ. ನೊರೆ ಬಂತು. ಮೂರನೆಯ ಸಲ ಹಿಂಡಿದೆ. ನೊರೆ ಬಕೆಟ್ಟಿನ ಅಂಚಿಗೆ ಏರಿತು. ಕೈಯಲ್ಲಿ ಸರಿಸಿ ನೋಡಿದರೆ ಕೆಳಗಿನ ನೀರು ಪಾತ್ರೆ ತೊಳೆದ ನೀರಿನ ಹಾಗಿತ್ತು. ತಮ್ಮ ಪೇಪರ್ ಮಡಚಿ ಎದ್ದು ಬಂದು ಬಗ್ಗಿ ನೋಡಿದ.

ಕೊಳೆ ಅಲ್ಲ ಅದು, ನಾನು ಹಾಕಿದ ಪೌಡರೇ. ಮೂರು ತಿಂಗಳ ಪೌಡರು ಬಟ್ಟೆಯ ಎಳೆ ಎಳೆಯಲ್ಲಿ ಕೂತಿತ್ತು.

ಪೌಡರಿನ ಡಬ್ಬ ತಂದು, ಕೈ ಚಾಚಿ ಹಿಡಿದು, ಹಿಂದುಗಡೆಯ ಸಣ್ಣ ಅಕ್ಷರಗಳನ್ನು ಅವತ್ತು ಮೊದಲ ಸಲ ಓದಿದೆ. ಒಂದು ಸಲಕ್ಕೆ ಎರಡು ಚಮಚ. ಅಳತೆ ಮೀರಿದರೆ ಬಟ್ಟೆಯಲ್ಲೇ ಉಳಿದು ಮಂಕಾಗುತ್ತದೆ. ನೀರು ಗಡಸಾಗಿದ್ದರೆ ಮೊದಲು ವಾಷಿಂಗ್ ಸೋಡಾ ಹಾಕಿ.

"ನೀರಲ್ಲಿ ಗಡಸು, ಮೆದು ಅಂತ ಬೇರೆ ಇದೆಯೇನೋ?" ಅಂದೆ.

"ಇದೆ ಕಣಕ್ಕ. ಇಲ್ಲಿನದು ಗಡಸು, ಕೆಟಲಿನ ತಳ ನೋಡಿಲ್ವಾ, ಸುಣ್ಣ ಕಟ್ಟಿರುತ್ತೆ. ಅಂಥ ನೀರಲ್ಲಿ ಪೌಡರ್ ಬಟ್ಟೆ ಬಿಟ್ಟು ಬೇಗ ಹೋಗಲ್ಲ. ಆಸ್ಪತ್ರೆಲಿ ಮೆದು ಮಾಡಿರ್ತಾರೆ. ದೊಡ್ಡ ಟ್ಯಾಂಕ್ ಇಟ್ಟು, ಉಪ್ಪು ಹಾಕಿ. ನಮ್ಮ ಪ್ರೆಸ್ಸಲ್ಲೂ ಇದೆಯಲ್ಲ."

ಉಪ್ಪು! ಲಾಂಡ್ರಿಯ ಹಿಂದಿನ ಬೀಗದ ಕೋಣೆಗೆ ವಾರಕ್ಕೊಮ್ಮೆ ಉಪ್ಪಿನ ಮೂಟೆಗಳು ಇಳಿಯುತ್ತಿದ್ದವು. ಇಪ್ಪತ್ತೆರಡು ವರ್ಷವೂ ಅದು ಆಸ್ಪತ್ರೆಯ ಅಡುಗೆಗೆ ಅಂದುಕೊಂಡಿದ್ದೆ. ರೋಗಿಗಳಿಗೆ ಇಷ್ಟು ಉಪ್ಪು ತಿನ್ನಿಸಿದರೆ ವಾಸಿಯಾಗುವುದು ಯಾವಾಗ ಎಂದು ಜೊತೆಯವರೊಂದಿಗೆ ನಗುತ್ತಿದ್ದೆ. ಆಸ್ಪತ್ರೆಯ ಬಟ್ಟೆಯ ಬಿಳುಪಿನಲ್ಲಿ ಅರ್ಧ ನನ್ನದಲ್ಲ, ಆ ಕೋಣೆಯದು.

ಸಣ್ಣವಳ ಮುಖ ನೋಡಿದೆ. ಅದರಲ್ಲಿ ಆಶ್ಚರ್ಯವೇ ಇರಲಿಲ್ಲ.

"ನಿನಗೆ ಗೊತ್ತಿತ್ತಾ?"

"ಡಬ್ಬದ ಮೇಲೆ ಬರೆದಿದೆಯಲ್ಲಕ್ಕಾ" ಅಂದಳು, ತಪ್ಪು ಮಾಡಿದವಳ ದನಿಯಲ್ಲಿ.

"ಮತ್ತೆ ಬಾಯಿ ಬಿಡೋದಕ್ಕೆ ಏನು ಧಾಡಿ? ಕೆಲಸ ಹೋಗೋ ಹೊತ್ತು ಬಂದಿದೆ!"

ತಮ್ಮನೇ ಹೇಳಿದ: "ಬಟ್ಟೆ ಯಾರು ಒಗೆಯೋದು ಅಂತ ಡಾಕ್ಟರಮ್ಮ ಕೇಳಿದ್ರಂತೆ. ಇವಳು ನಾನೇ ಅಂದಿದ್ದಾಳೆ."

"ಯಾಕೇ?"

"ನೀವು ಬಂದ ವಾರ ಹೇಳಿದ್ರಲ್ಲಾ ಅಕ್ಕಾ, ನನಗೂ ಅಂತ ಒಂದು ಕೆಲಸ ಇರ್ಲಿ ಅಂತ" ಅಂದಳು ಸಣ್ಣವಳು. "ಕೆಲಸ ಇಲ್ದೆ ಮನೇಲಿ ಕೂರೋದು ಹೇಗಿರುತ್ತೆ ಅಂತ ನನಗೆ ಗೊತ್ತು."

ನನಗೆ ನಾಚಿಕೆಯಾಯಿತು. ಇಷ್ಟು ವಯಸ್ಸಾದ ಮೇಲೆ ಆಗುವ ನಾಚಿಕೆ ಬೇಗ ಇಳಿಯುವುದಿಲ್ಲ. ಬಕೆಟ್ಟಿನ ನೀರನ್ನು ಚೆಲ್ಲಿ ಹೊಸದಾಗಿ ಬಿಸಿನೀರು ಹಿಡಿದೆ. ಅವಳು ಸಹಾಯಕ್ಕೆ ಬಂದಳು, ಈ ಸಲ ಬೇಡ ಅನ್ನಲಿಲ್ಲ.

ಎರಡೂ ಕೋಟನ್ನು ಬರೀ ಬಿಸಿನೀರಿನಲ್ಲಿ ಜಾಲಿಸಿದೆವು. ಐದನೆಯ ನೀರಿಗೆ ನೊರೆ ನಿಂತಿತು. ಶುಕ್ರವಾರ ಬೆಳಿಗ್ಗೆ ಅವಳು ಹಳೆಯ ಬಿಳಿ ಅಂಗಿ ಹಾಕಿಕೊಂಡು ಕ್ಲಿನಿಕ್ಕಿಗೆ ಹೋದಳು. ನಾನು ಅಂಗಡಿಯಿಂದ ವಾಷಿಂಗ್ ಸೋಡಾ ಒಂದನ್ನೇ ತಂದೆ. "ಬೇರೇನೂ ಬೇಡ್ವಾ ಅಮ್ಮಾ?" ಅಂದ ಅಂಗಡಿಯವನು. "ನಿನ್ನ ಬೂಸ್ಟರು ನಿನ್ನ ಬಾಯಿಗೆ ಇರ್ಲಿ" ಅಂದೆ. ಪಾಪ, ಬೂಸ್ಟರಿನದೇನೂ ತಪ್ಪಿರಲಿಲ್ಲ. ಅದರ ಪೊಟ್ಟಣವನ್ನೂ ಓದಿದ್ದೆ: ಬಿಸಿನೀರಿಗೆ ಒಂದು ಚಮಚ, ಒಂದು ಗಂಟೆ ನೆನೆಸಿ. ಹಾಗೆಯೇ ನೆನೆಸಿದೆ. ಆಮೇಲೆ ಮಷೀನಿಗೆ ಮೊದಲು ಸೋಡಾ, ಮೇಲೆ ಎರಡು ಚಮಚ ಪೌಡರ್, ಅಷ್ಟೇ. ಪರಿಮಳದ ಬಾಟಲಿಯನ್ನು ಮುಟ್ಟಲಿಲ್ಲ. ಮೂರನೆಯ ಚಮಚಕ್ಕೆ ಕೈ ತುರಿಸುತ್ತಿತ್ತು, ತಡೆದುಕೊಂಡೆ.

ಶನಿವಾರ ಅವಳು ಹೊರಟಾಗ ಕೋಟಿನ ಕಾಲರ್ ಮಡಚಿದಲ್ಲಿ ಮೆತ್ತಗೆ ನಿಂತಿತ್ತು. ಜೇಬಿನ ನೀಲಿಯೂ ಹೋಗಿತ್ತು. ಹಾಲಿನಷ್ಟು ಬಿಳುಪು ಎಂದು ಸುಳ್ಳು ಹೇಳುವುದಿಲ್ಲ, ಬೂದಿ ಅಂತೂ ಅಲ್ಲ. ಅವಳು ಹೋದ ಮೇಲೆ ಸೌಟನ್ನು ರಿಬ್ಬನ್ ಸಮೇತ ಟ್ರಂಕಿನ ತಳಕ್ಕೆ ಹಾಕಿದೆ. ಇಡೀ ದಿನ ಒಳಗೂ ಹೊರಗೂ ಓಡಾಡಿದೆ. ಅವಳ ಕೆಲಸ ಹೋದರೆ ಅದನ್ನು ತಿಂದವಳು ನಾನೇ.

ಸಂಜೆ ಬಂದಳು. ಕೈಚೀಲ ಮೊಳೆಗೆ ಹಾಕಿದಳು. ಮೊದಲು ಅದನ್ನೇ ನೋಡಿದೆ ನಾನು.

"ಖಾಯಂ ಆಯ್ತು ಅಕ್ಕಾ. ಯಾವ ಪೌಡರಿಗೆ ಬದಲಾಯಿಸಿದ್ರಿ ಅಂತ ಡಾಕ್ಟರಮ್ಮ ಕೇಳಿದ್ರು."

"ಏನಂದೆ?"

"ಪೌಡರ್ ಅದೇ, ನಮ್ಮಕ್ಕ ಒಗೆದ್ರು ಅಂದೆ."

ಅಡುಗೆಮನೆಗೆ ಹೋಗಿ, ಪೌಡರಿನ ಡಬ್ಬದೊಳಗಿದ್ದ ಚಮಚವನ್ನು ತಂದು ಅವಳ ಕೈಗೆ ಕೊಟ್ಟೆ. "ತಗೋಮ್ಮ. ಇನ್ಮೇಲೆ ನೀನೇ ಹಾಕು. ನಿನಗೆ ಓದಕ್ಕೆ ಬರುತ್ತೆ."

ಅವಳು ಚಮಚವನ್ನು ತಿರುಗಿಸಿ ನೋಡಿ, ನನ್ನ ಕೈಗೇ ವಾಪಸು ಇಟ್ಟಳು.

"ನನಗೆಲ್ಲಿ ಪುರಸೊತ್ತು ಅಕ್ಕಾ? ನನಗೆ ಕೆಲಸ ಇದೆ" ಅಂದು, ಮೈಮೇಲಿನ ಕೋಟನ್ನು ಬಿಚ್ಚಿ ಒಗೆಯುವ ಬುಟ್ಟಿಗೆ ಹಾಕಿದಳು.