ಭುವನಾಳ ಬಲಗೈ

ನಟಿಯ ಎರಡೂ ಕೈತುಂಬ ಹಸಿರು ಬಳೆ. ಶೈಲಾಳ ಸಿಟ್ಟು ನೆತ್ತಿಗೇರಿದ್ದು ಅದನ್ನು ನೋಡಿಯೇ.

ರವಿವಾರ ಮಧ್ಯಾಹ್ನ ಬ್ಯಾಡಗಿಯ ಮೆಣಸಿನಕಾಯಿ ಗೋದಾಮೊಂದರ ಅಂಗಳದಲ್ಲಿ ಸ್ಟೇಜ್ ಹಾಕಿದ್ದರು. ಘಾಟಿಗೆ ಮುಂದಿನ ಸಾಲಿನವರು ಸೀನುತ್ತಿದ್ದರು. ಬ್ಯಾನರಿನ ಮೇಲೆ ನಾಟಕದ ಹೆಸರಿಗಿಂತ ದೊಡ್ಡ ಅಕ್ಷರದಲ್ಲಿ ‘ಸತ್ಯ ಘಟನೆ ಆಧಾರಿತ’ ಎಂದು ಬರೆಸಿದ್ದರು.

ಆ ಸತ್ಯ ಘಟನೆ ಎಂದರೆ ಶೈಲಾಳ ಅಕ್ಕ ಭುವನಾ. ಎರಡು ವರ್ಷದ ಹಿಂದೆ ಗಂಡ ಮೈಲಾರಪ್ಪನ ಮನೆಯ ಜಂತಿಗೆ ನೇತಾಡುತ್ತ ಸಿಕ್ಕಿದ್ದಳು. ಅದೇ ವಾರ ಗಂಡ ಅವಳ ಬಲಗೈ ತಿರುವಿದ್ದ. ನಾಟಿ ವೈದ್ಯ ನಿಜಲಿಂಗಪ್ಪ ಬಿದಿರು ಪಟ್ಟಿ ಇಟ್ಟು ಬೆರಳ ತುದಿತನಕ ಬಟ್ಟೆ ಸುತ್ತಿ ಕಟ್ಟಿದ್ದ. ತುತ್ತು ಎತ್ತಲಾಗದ ಆ ಕೈಯಿಂದ ಜಂತಿಗೆ ಹಗ್ಗ ಬಿಗಿದದ್ದು ಹೇಗೆ? ಹಾವೇರಿಯಲ್ಲಿ ಕೊಲೆ ಕೇಸು ನಡೆದಾಗ ಶೈಲಾ ಕಟಕಟೆಯಲ್ಲಿ ನಿಂತು ಇದನ್ನೇ ಹೇಳಿದ್ದಳು. ಆದರೆ ಪೊಲೀಸರು ಬರುವಷ್ಟರಲ್ಲಿ ಯಾರೋ ಕಟ್ಟು ಬಿಚ್ಚಿದ್ದರು. ನಿಜಲಿಂಗಪ್ಪ ಕೋರ್ಟಿನಲ್ಲಿ, “ಆಕಿ ನನ್ನ ಕಡೆ ಬಂದೇ ಇಲ್ರಿ” ಎಂದುಬಿಟ್ಟ. ಮೈಲಾರಪ್ಪ ಬಿಡುಗಡೆಯಾದ.

ಅವನನ್ನು ಬಿಡಿಸಿದ ವಕೀಲ ಸಿದ್ದಲಿಂಗೇಶನೇ ಈಗ ನಾಟಕ ಬರೆದಿದ್ದ. ವಕೀಲನ ಪಾತ್ರವೂ ಅವನದೇ. ನಾಟಕದಲ್ಲಿ ಹೆಂಡತಿ ಪರಗಂಡಸಿನ ಜೊತೆ ಸಿಕ್ಕಿಬಿದ್ದು, ಮಾನಕ್ಕಂಜಿ ನೇಣು ಹಾಕಿಕೊಳ್ಳುತ್ತಾಳೆ. ಗಂಡ ದೇವರಂಥವನು.

ಶುರುವಾಗುವ ಮೊದಲೇ ಶೈಲಾ ಪರದೆಯ ಹಿಂದೆ ಹೋಗಿದ್ದಳು.

“ಸರ್, ಆಕಿ ಬಲಗೈಗೆ ಕಟ್ಟು ಹಾಕಿಸ್ರಿ. ಅಷ್ಟ ಸಾಕು.”

“ಕಟ್ಟು ಹಾಕಿದ್ರ ಹಾಡಿಗೆ ಹೆಂಗ ಕುಣಿತಾಳವಾ? ಕೋರ್ಟ್ ಒಪ್ಪದ್ದನ್ನ ನಾ ತೋರಿಸಾಕ ಬರೂದಿಲ್ಲ.”

“ಆಕಿ ಕುಣದಿದ್ದನ್ನ ಕೋರ್ಟ್ ಒಪ್ಪಿತ್ತೇನ್ರಿ?”

ಬಣ್ಣ ಹಚ್ಚಿಸಿಕೊಳ್ಳುತ್ತಿದ್ದವರು ಕಿಸಕ್ಕನೆ ನಕ್ಕರು. ಸಿದ್ದಲಿಂಗೇಶ ನಗಲಿಲ್ಲ. “ಹೋಗಿ ಮುಂದ ಕುಂದರು. ಚಾ ಕಳಸ್ತೇನಿ.”

ಹೊರಗೆ ರಾಣೆಬೆನ್ನೂರಿನಿಂದ ಬಂದ ರೇಡಿಯೋದ ಅಬ್ರಾರ ಮೈಕಿಗೆ ತನ್ನ ವಾಯರು ಸಿಕ್ಕಿಸುತ್ತಿದ್ದ.

“ಇದು ರೇಡಿಯೋದಾಗೂ ಬರತೈತೇನ್ರಿ?”

“ಬುಧವಾರ ಬರತೈತಿ ಅಕ್ಕಾರ. ಆಯೇರಿ ಅಷ್ಟ ಕತ್ತರಸ್ತೇವಿ. ಉಳದದ್ದು ಇದ್ದಂಗ ಹೋಗತೈತಿ. ವಕೀಲರ ಜೋಡಿ ಹಂಗ ಮಾತಾಗೇತಿ.”

ಶೈಲಾ ಕೆಲಸ ಮಾಡುವ ಬೀಜದ ಕಂಪನಿಯ ಶೆಡ್ಡಿನಲ್ಲಿ ದಿನವಿಡೀ ರೇಡಿಯೋ ಹಾಡುತ್ತಿರುತ್ತದೆ. ಬುಧವಾರ ಅವಳ ಅಕ್ಕ ಅಲ್ಲಿ ಸೂಳೆಯಾಗುತ್ತಾಳೆ. ಸುತ್ತಲಿನ ಊರುಗಳ ಅಡುಗೆಮನೆಗಳಲ್ಲೂ ಆಗುತ್ತಾಳೆ. ಕೊಂದವನು ಒಮ್ಮೆ ಮಾತ್ರ ಕೊಂದಿದ್ದ.

ಎರಡನೇ ದೃಶ್ಯದ ನಡುವೆ ಆಯೇರಿಗೆಂದು ನಾಟಕ ನಿಂತಿತು. ಈ ಕಡೆಯ ನಾಟಕಗಳಲ್ಲಿ ಅದು ಹಾಗೇ. ಎಂಥ ದುಃಖದ ದೃಶ್ಯವಿದ್ದರೂ ಮೆಚ್ಚಿದವರು ಸ್ಟೇಜ್ ಹತ್ತಿ ಉಡುಗೊರೆ ಕೊಟ್ಟು ಇಳಿಯುವತನಕ ಪಾತ್ರಧಾರಿಗಳು ನಿಂತಲ್ಲೇ ನಿಲ್ಲಬೇಕು. ಮೈಕು ಮೈಲಾರಪ್ಪನ ಹೆಸರು ಕೂಗಿತು. ಅವನು ಬಿಳಿ ಅಂಗಿ ತೊಟ್ಟು ಹತ್ತಿಬಂದು, ತನ್ನದೇ ಪಾತ್ರ ಮಾಡುತ್ತಿದ್ದವನಿಗೆ ಕೆಂಪು ಶಾಲು ಹೊದಿಸಿದ. ನಟಿಗೆ ಸೀರೆ ಕೊಟ್ಟು ಮೈಕಿನಲ್ಲೇ ಹೇಳಿದ:

“ಖರೇ ಆಕಿಗಿಂತ ನೀನ ಚಂದ ಮಾಡಾಕತ್ತೀದಿ.”

ಜನ ನಕ್ಕರು. ಮೂರನೇ ಸಾಲಿನಲ್ಲಿ ನಿಜಲಿಂಗಪ್ಪನೂ ನಕ್ಕ.

ಶೈಲಾಳ ಪಕ್ಕದಲ್ಲಿ ಕೂತಿದ್ದ ಮುದುಕಿ ಮೊಳಕೈಯಿಂದ ತಿವಿದಳು. “ನೀ ಆಕಿ ತಂಗಿ ಅಲ್ಲೇನ? ನೀನೂ ಆಯೇರಿ ಮಾಡಾಕ ಅಂತ ಹತ್ತಿ, ನಾಕ ಮಾತ ಅಂದು ಬಾ.”

ಶೈಲಾ ಅರ್ಧ ಎದ್ದಳು. ಆಯೇರಿ ಕತ್ತರಸ್ತೇವಿ ಎಂದಿದ್ದ ಅಬ್ರಾರ. ಆಗ ಆಡಿದ ಮಾತು ರೇಡಿಯೋಕ್ಕೆ ಹೋಗುವುದಿಲ್ಲ. ಹಲ್ಲು ಕಚ್ಚಿ ಕೂತಳು.

ಕೋರ್ಟಿನ ದೃಶ್ಯ ಬಂತು. ಜವಾನನ ಪಾತ್ರ ಹಮಾಲಿ ಶಂಕ್ರಪ್ಪನದು. ಮೈಕು ಬೇಕಿಲ್ಲದ ಗಂಟಲು ಅವನದು.

“ಸಾಕ್ಷಿದಾರಳು ಶೈಲಾ ಹಾಜರ್!”

ಶೈಲಾ ಬೆಚ್ಚಿದಳು. ಶಂಕ್ರಪ್ಪ ಎರಡನೇ ಸಲ ಕೂಗಿದ. ಆ ಪಾತ್ರದವರು ಯಾರೂ ಸ್ಟೇಜಿಗೆ ಬರಲಿಲ್ಲ. ಸಿದ್ದಲಿಂಗೇಶ ಆಗಲೇ ಪ್ರೇಕ್ಷಕರ ಕಡೆ ತಿರುಗಿ, ಮುಂದಿನ ಮಾತಿಗೆ ಬಾಯಿ ತೆರೆದು ನಿಂತಿದ್ದ. ಅವನು ಬರೆದದ್ದೇನು ಎಂದು ಅವಳಿಗೆ ಆಗ ಗೊತ್ತಾಯಿತು. ಸ್ವಂತ ತಂಗಿಯೇ ನಾಚಿಕೆಗೆ ಕೋರ್ಟಿಗೆ ಬರಲಿಲ್ಲ ಎಂದು ಹೇಳಲಿದ್ದಾನೆ.

ಮೂರನೇ ಕೂಗು ಮುಗಿಯುವಷ್ಟರಲ್ಲಿ ಅವಳು ಮೆಟ್ಟಿಲ ಮೇಲಿದ್ದಳು.

“ಇಳಿ ಕೆಳಗ,” ಎಂದು ಸಿದ್ದಲಿಂಗೇಶ ಪಿಸುಗುಟ್ಟಿದ್ದನ್ನು ಮೇಲೆ ಜೋತುಬಿದ್ದ ಮೈಕು ಇಡೀ ಅಂಗಳಕ್ಕೆ ಕೇಳಿಸಿತು.

“ಕರದ್ರಿ, ಬಂದೇನಿ. ಹಾವೇರಿಗೂ ಬಂದಿದ್ದೆ. ಪ್ರಶ್ನೆ ಕೇಳಿದವ್ರು ನೀವ. ಮರತ್ರೇನು?”

ಅವಳದೂ ಪಾತ್ರವೇ ಎಂದು ತಿಳಿದು ಹಿಂದಿನಿಂದ ಯಾರೋ ಸಿಳ್ಳೆ ಹೊಡೆದರು. ಶೈಲಾ ಗಂಡನ ಪಾತ್ರಧಾರಿಯ ಹೆಗಲಿನಿಂದ ಕೆಂಪು ಶಾಲು ಎಳೆದುಕೊಂಡಳು. ಬದಿಯ ಪರದೆಯ ಮರೆಯಲ್ಲಿದ್ದ ನಟಿಯನ್ನು ಕೈಹಿಡಿದು ಮುಂದೆ ತಂದಳು.

“ತಂಗಿ, ಈ ಕೈ ಕೊಡವಾ.”

ಬಲಗೈಯ ಬಳೆಗಳನ್ನು ಒಂದೊಂದೇ ಸರಿಸಿ ತೆಗೆದಳು. ಶಾಲನ್ನು ಮೊಳಕೈಯಿಂದ ಬೆರಳ ತುದಿತನಕ ಬಿಗಿಯಾಗಿ ಸುತ್ತಿ ಗಂಟು ಹಾಕಿದಳು. ಆಮೇಲೆ ನಾಟಕದ ನೇಣಿನ ಹಗ್ಗವನ್ನೇ ತಂದುಕೊಟ್ಟಳು.

“ಆ ಕಂಬಕ್ಕ ಕಟ್ಟಿ ತೋರಸು. ನಿನ್ನ ಭಾರ ತಡೀಬೇಕು.”

ನಟಿ ಸಿದ್ದಲಿಂಗೇಶನನ್ನು ನೋಡಿದಳು, ಹಗ್ಗ ನೋಡಿದಳು. ಎಡಗೈಯಿಂದ ಕಂಬಕ್ಕೆ ಒಂದು ಸುತ್ತು ಹಾಕಿದಳು. ತುದಿ ಹಿಡಿಯಲು ಇನ್ನೊಂದು ಕೈ ಇರಲಿಲ್ಲ. ಹಲ್ಲಿನಲ್ಲಿ ಕಚ್ಚಿ ಎಳೆದಳು. ಹಗ್ಗ ಜಾರಿ ಅವಳ ಕಾಲ ಮೇಲೆ ಬಿತ್ತು.

“ಆಗೂದಿಲ್ರಿ,” ಎಂದಳು. ಅದು ಯಾರೂ ಬರೆದುಕೊಟ್ಟ ಮಾತಲ್ಲ.

ಸಿಳ್ಳೆ ನಿಂತಿತ್ತು.

ಶೈಲಾ ಶಂಕ್ರಪ್ಪನ ಕಡೆ ತಿರುಗಿದಳು. “ನಮ್ಮಕ್ಕನ ಕೈ ಕಟ್ಟಿದವನ್ನ ಕರಿ. ನಿಜಲಿಂಗಪ್ಪನ್ನ.”

“ಕರದಿಯಂದ್ರ ನೋಡ!” ಎಂದ ಸಿದ್ದಲಿಂಗೇಶ.

ಶಂಕ್ರಪ್ಪ ಅವನನ್ನು ನೋಡಿದ, ಕೆಳಗೆ ಬಿದ್ದ ಹಗ್ಗ ನೋಡಿದ. ತಲೆಯ ಪೇಟ ಸರಿಮಾಡಿಕೊಂಡ.

“ಸಾಕ್ಷಿದಾರ ನಿಜಲಿಂಗಪ್ಪ ಹಾಜರ್!”

ಮುಂದಿನ ಸಾಲಿನವರು ಹಿಂದೆ ತಿರುಗಿದರು, ಹಿಂದಿನವರು ಎದ್ದು ನಿಂತರು. ಎರಡನೇ ಕೂಗಿಗೆ ಅವನ ಅಕ್ಕಪಕ್ಕದವರು ಕುರ್ಚಿ ಸರಿಸಿಕೊಂಡರು. ಮೂರನೇ ಕೂಗಿಗೆ ನಿಜಲಿಂಗಪ್ಪ ಎದ್ದ. ಟವೆಲ್ಲಿನಿಂದ ಮೋರೆ ಒರೆಸಿಕೊಳ್ಳುತ್ತ, ಸ್ಟೇಜಿನ ಕಡೆಗಲ್ಲ, ಗೇಟಿನ ಕಡೆ ನಡೆದ. ಅವನು ರಸ್ತೆಗೆ ಇಳಿಯುವವರೆಗೂ ಅಂಗಳದಲ್ಲಿ ಯಾರೂ ಸೀನಲಿಲ್ಲ. ಮೈಲಾರಪ್ಪ ತಲೆ ತಗ್ಗಿಸಿ ಮೊಬೈಲ್ ಒತ್ತುತ್ತಿದ್ದ.

“ಪರದೆ ಬಿಡ್ರಿ!” ಎಂದು ಕಿರುಚಿದ ಸಿದ್ದಲಿಂಗೇಶ, ಬದಿಗೆ ಬಂದು ಅಬ್ರಾರನ ಮೇಲೆ ಹರಿಹಾಯ್ದ. “ಆಕಿ ಹತ್ತಿದಾಗಿಂದ ಎಲ್ಲಾ ಕತ್ತರಸು.”

ಅಬ್ರಾರ ಕಿವಿಯ ಮೇಲಿನ ಹೆಡ್‌ಫೋನ್ ಒಂದು ಬದಿಗೆ ಸರಿಸಿದ.

“ಆಯೇರಿ ಅಷ್ಟ ಅಂತ ಮಾತಾಗಿತ್ತಲ್ರಿ ವಕೀಲರ. ಇದು ಆಯೇರಿ ಅಲ್ಲ. ಕರದವ್ರು ನಿಮ್ಮವ್ರ.”

ಪರದೆಯ ಹಿಂದೆ ಶೈಲಾ ನಟಿಯ ಕೈಯ ಗಂಟು ಬಿಚ್ಚುತ್ತಿದ್ದಳು. ಸಿಟ್ಟು ಇನ್ನೂ ಇಳಿದಿರಲಿಲ್ಲ. ತಾನೇ ಬಿಗಿದ ಗಂಟು ಬೇಗ ಬಿಚ್ಚಿಕೊಳ್ಳಲಿಲ್ಲ.